ರೊಟ್ಟಿ ಬಡಿಯದ ಮನೆ

ಆ ಕಾಲಕ್ಕೆ ಚಿಮ್ಮಡದಲ್ಲಿ ರೊಟ್ಟಿ ಬಡಿಯದ ಮನೆ ಒಂದೇ ಒಂದಿತ್ತು. ಬಡತನಕ್ಕಲ್ಲ. ನೆಲದೊಳಗಿನ ಹಗೇವಿನಲ್ಲಿ ಬಿಳಿಜೋಳವಿತ್ತು, ಕೊಟ್ಟಿಗೆಯಲ್ಲಿ ಎರಡೆತ್ತು, ಒಂದು ಎಮ್ಮೆ. ಒಲೆಯ ಪಕ್ಕದಲ್ಲಿ ಅತ್ತೆಯ ಕಾಲದ ರೊಟ್ಟಿಕಲ್ಲೂ ಇತ್ತು. ಆದರೆ ಆ ಕಲ್ಲನ್ನು ಲಗಮವ್ವ ಗೋಡೆಗೆ ಮುಖಮಾಡಿ ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ನುಚ್ಚು ಕುದಿಸುವಳು, ಸಂಗಟಿ ತಿರುವುವಳು, ಹಬ್ಬ ಬಂದರೆ ಚಪಾತಿ ಲಟ್ಟಿಸುವಳು. ಜೋಳದ ಸೀಮೆಯಲ್ಲಿ ಹುಟ್ಟಿದ ಹೆಣ್ಣುಮಗಳು, ರೊಟ್ಟಿಯ ಆಸೆಯಾದಾಗ ಓಣಿ ದಾಟಿ ಗೆಳತಿ ಬೋರವ್ವನ ಮನೆಗೆ ಹೋಗಿ ತಿಂದು, ಕಳ್ಳಿಯ ಹಾಗೆ ಬಾಯಿ ಒರೆಸಿಕೊಂಡು ಬರುವಳು.

"ನಿನ್ನ ಗಂಡಗ ಹಲ್ಲ ಇಲ್ಲೇನ ಬೇ?" ಎಂದು ಬೋರವ್ವ ಚೇಷ್ಟೆ ಮಾಡಿದರೆ ಲಗಮವ್ವ ನಗುತ್ತಿರಲಿಲ್ಲ.

"ಹಲ್ಲ ಐತಿ. ಕಿವಿ ಐತಲ್ಲ, ಅದರದ ಬ್ಯಾನಿ" ಎನ್ನುತ್ತಿದ್ದಳು.

ಖರೆ ಮಾತು. ಅವಳ ಗಂಡ ಹೊಳೆಪ್ಪ ಒಂದು ಕಾಲಕ್ಕೆ ಸುತ್ತ ಹತ್ತೂರಿಗೆ ಹೆಸರಾದ ಪೈಲವಾನ. ಎದೆ ಬಾಗಿಲಿನಷ್ಟು ಅಗಲ, ತೋಳು ಎತ್ತಿನ ಕೊರಳಿನಷ್ಟು ದಪ್ಪ. ಅಂಥವನಿಗೆ ಬೆಳಿಗ್ಗೆ ಮತ್ತು ದೀಪ ಹಚ್ಚುವ ಹೊತ್ತಿಗೆ ಊರಿನಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮನೆಮನೆಯಿಂದಲೂ ಅಂಗೈಯಿಂದ ರೊಟ್ಟಿ ತಟ್ಟುವ ಸಪ್ಪಳ ಶುರುವಾಗುವ ಮೊದಲೇ ಹೊಲಕ್ಕೆ ಹೋಗಿ ಬಾವಿಯ ದಂಡೆಯ ಮೇಲೆ ಕೂತುಬಿಡುವನು. ಎಂದಾದರೂ ತಡವಾಗಿ ಓಣಿಯಲ್ಲಿ ಸಿಕ್ಕಿಬಿದ್ದನೋ, ಆ ಸಪ್ಪಳ ಕಿವಿಗೆ ಬಿದ್ದ ಕೂಡಲೇ ಎರಡೂ ತೋಳು ತಾವಾಗಿಯೇ ಅಗಲವಾಗುತ್ತಿದ್ದವು. ಕೈಯಲ್ಲಿದ್ದದ್ದು ಬೀಳುತ್ತಿತ್ತು. ಒಮ್ಮೆ ತುಂಬಿದ ಹಾಲಿನ ಚರಿಗೆ ಬಿತ್ತು, ಒಮ್ಮೆ ದೇವರಿಗೆ ಒಯ್ಯುತ್ತಿದ್ದ ಕಾಯಿ. ಬಿದ್ದದ್ದನ್ನು ಎತ್ತಿಕೊಳ್ಳದೆ, ನೆಲವನ್ನೇ ನೋಡುತ್ತ ನಿಲ್ಲುವನು.

ಅವನಿಗೆ ದೆವ್ವ ಬಡಿದಿದೆ ಎಂದು ಊರು ತೀರ್ಮಾನ ಮಾಡಿತು. ಊರಿಗೆ ಇನ್ನೇನು ಕೆಲಸ? ಆದರೆ ಈ ಸಲ ಊರು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ.

ಹೊಳೆಪ್ಪ ಕುಸ್ತಿ ಕಲಿತದ್ದು ಚಿಮ್ಮಡದ ಗರಡಿಮನೆಯಲ್ಲಿ. ವಸ್ತಾದ ಹಣಮಂತ ಆ ಗರಡಿಯ ಗುರು. ಕೆಂಪು ಮಣ್ಣನ್ನು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿಣ ಹಾಕಿ ಹದ ಮಾಡಿ, ಕೂಸನ್ನು ಮಲಗಿಸಬಹುದಾದಷ್ಟು ಮೆತ್ತಗೆ ಇಡುತ್ತಿದ್ದ. ಅವನ ಬಾಯಿ ಮಾತ್ರ ಆ ಮಣ್ಣಿನ ಹಾಗಲ್ಲ, ಬೈಗುಳಕ್ಕೆ ಬರವಿರಲಿಲ್ಲ. ಹೊಸಬರಿಗೆ ಮೊದಲನೆಯ ದಿನ ಅವನು ಕಲಿಸುತ್ತಿದ್ದುದು ಹಿಡಿಯುವುದನ್ನಲ್ಲ, ಬಿಡುವುದನ್ನು. ಎದುರಿನವನ ಪಟ್ಟಿನಲ್ಲಿ ಸಿಕ್ಕು ಎಲುಬು ಇನ್ನು ತಾಳದು ಎನಿಸಿದರೆ ಅಂಗೈಯಿಂದ ಮಣ್ಣು ತಟ್ಟಬೇಕು. ತಟ್ಟಿದ್ದು ಕೇಳಿದವನು ಆ ಉಸಿರಿನಲ್ಲೇ ಎರಡೂ ತೋಳು ಅಗಲಿಸಿ ಬಿಟ್ಟುಬಿಡಬೇಕು. ಗೆಲ್ಲುವ ಕುಸ್ತಿಯೇ ಆಗಲಿ, ಸಂಸ್ಥಾನದ ಅರಮನೆಯವರೇ ಎದುರು ಕೂತಿರಲಿ, ಬಿಡಬೇಕು.

"ಮಣ್ಣ ತಟ್ಟೂದಂದ್ರ ಆಣಿ ಮಾಡಿಧಂಗ" ಎನ್ನುತ್ತಿದ್ದ ವಸ್ತಾದ. "ಬ್ಯಾನಿ ಇಲ್ಲದ ತಟ್ಟಬ್ಯಾಡ್ರಿ. ಸುಳ್ಳ ತಟ್ಟಿದಾಂವನ ಮಾತ ಮಣ್ಣ ಕೇಳೂದಿಲ್ಲ, ನೆನಪಿಡ್ರಿ ಮಕ್ಕಳ್ಯಾ."

ಹೊಳೆಪ್ಪನ ಜೋಡಿ ತೇರದಾಳದ ಬಂಡು. ಜೈನರ ಪೈಕಿ, ತಂದೆ ಇಲ್ಲದವನು. ತಾಯಿ ಅಕ್ಕವ್ವ ಒಬ್ಬಳೇ ಹೊಲಮನೆ ನೋಡಿಕೊಂಡು ಮಗನನ್ನು ಬೆಳೆಸಿದ್ದಳು. ಹಾಲು, ತುಪ್ಪ, ಬದಾಮಿಯ ಮೇಲೆ ಬೆಳೆದ ಮೈ ಅವನದು. ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಮುಟ್ಟುತ್ತಿರಲಿಲ್ಲ. ಅಕ್ಕವ್ವ ಕಟ್ಟಿಕೊಡುತ್ತಿದ್ದ ಬುತ್ತಿಯಲ್ಲಿ ಯಾವಾಗಲೂ ಇಬ್ಬರಿಗಾಗುವಷ್ಟು ರೊಟ್ಟಿ ಇರುತ್ತಿದ್ದವು.

"ಬಳ್ಳೊಳ್ಳಿ ಇಲ್ಲದ ಚಟ್ನಿ, ಇದೂ ಒಂದು ಚಟ್ನಿ ಏನೋ?" ಎಂದು ಹೊಳೆಪ್ಪ ಆಡಿಕೊಳ್ಳುವನು, ಆಡಿಕೊಳ್ಳುತ್ತಲೇ ನಾಲ್ಕು ರೊಟ್ಟಿ ಮುಗಿಸುವನು.

"ಮುಸುಡಿ ನೋಡು, ಸಪ್ಪನ ಚಟ್ನಿ ಅಂತಾನ, ಬುತ್ತಿ ಕಟ್ಟಿದ ಅರಬಿ ಸುದ್ದಾ ನೆಕ್ಕತಾನ" ಎಂದು ಬಂಡು ನಗುವನು.

ಅರಮನೆಯಿಂದ ಪೈಲವಾನರಿಗೆ ಹಾಲು, ತುಪ್ಪ, ಗೋಧಿಯ ಖುರಾಕು ಬರುತ್ತಿದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಒಂದು ವರ್ಷ ಅದು ನಿಂತಿತು. ಏಕೆಂದು ಅರಮನೆಯೂ ಹೇಳಲಿಲ್ಲ, ಕೇಳುವ ಧೈರ್ಯವೂ ಯಾರಿಗಿರಲಿಲ್ಲ. ಅದೇ ಬೇಸಿಗೆಯಲ್ಲಿ ಉದ್ದ ಕೋಟು ತೊಟ್ಟ ಒಬ್ಬ ಮಾಲಕ ಗರಡಿಯ ಬಾಗಿಲಿಗೆ ಬಂದ. ಅವನದು ಮೊದಲು ನಾಟಕ ಕಂಪನಿ. ನಟರೆಲ್ಲ ಒಬ್ಬೊಬ್ಬರಾಗಿ ಬಿಟ್ಟು ಹೋದಮೇಲೆ ಡೇರೆ, ಹಲಗೆ, ಗ್ಯಾಸಿನ ಬತ್ತಿಗಳು ಉಳಿದಿದ್ದವು. ಅವನ್ನು ಹಾಕಿ ಟಿಕೀಟಿನ ಕುಸ್ತಿ ಹೂಡುವ ಲೆಕ್ಕ ಅವನದು. ವಸ್ತಾದ ಅವನಿಗೆ ನೀರು ಕೊಟ್ಟ, ಮಾತು ಕೊಡಲಿಲ್ಲ. ಹುಡುಗರು ಮಾತ್ರ ಹೋದರು. ಹಸಿದ ಮೈ ಮಾತು ಕೇಳುವುದಿಲ್ಲ, ಅದರಲ್ಲೂ ಪೈಲವಾನರ ಮೈ.

ಕಂಪನಿಯಲ್ಲಿ ಮಣ್ಣಿರಲಿಲ್ಲ. ನಾಟಕದ ಹಲಗೆಯ ಮೇಲೆ ಒಂದು ಜಮಖಾನೆ, ಅದರ ಮೇಲೆ ಕುಸ್ತಿ. ಇಂದು ಇವನು ಗೆಲ್ಲಬೇಕು, ನಾಳೆ ಅವನು, ಎಲ್ಲ ಮೊದಲೇ ಮಾಲಕನ ಬಾಯಲ್ಲಿ ನಿಗದಿಯಾಗಿರುತ್ತಿತ್ತು. ಅದರ ಬಗ್ಗೆ ಹೊಳೆಪ್ಪನಿಗೆ ಬೇಸರವೇನೂ ಇರಲಿಲ್ಲ. ಗರಡಿಯ ಗೆಳೆಯರು ತಾವೇ ಹಂಚಿಕೊಂಡು ಸೋಲುವುದರಲ್ಲಿ ಏನು ಹೋಯಿತು? ಬೇಸರವಾದದ್ದು ಬೇರೆಯದಕ್ಕೆ.

"ನೀವಿಬ್ಬರೂ ಹಗೆಗಳು" ಎಂದ ಮಾಲಕ. "ಹಗೆ ಇದ್ದರೆ ಜನ ಬರುತ್ತಾರೆ. ಬಜಾರದಲ್ಲಿ ಜೊತೆಗೆ ಕಾಣಿಸಿಕೊಂಡರೆ ಜೋಕೆ! ಇನ್ನೊಂದು ಮಾತು. ಸುಮ್ಮನೆ ಬಿದ್ದುಕೊಂಡರೆ ನೋಡುವವರಿಗೇನು ಸಿಕ್ಕಿತು? ಚೀರಬೇಕು. ಕೈಯಿಂದ ಹಲಗೆ ಬಡಿಯಬೇಕು, ಪ್ರಾಣ ಹೋದವರ ಹಾಗೆ. ನಾನು ಸೀಟಿ ಊದುವವರೆಗೆ ಮೇಲಿನವನು ಬಿಡಬಾರದು."

ಬಂಡು ಅಂದು ಮುಖ ಸಣ್ಣದು ಮಾಡಿಕೊಂಡ. "ಸುಳ್ಳ ತಟ್ಟಾಕ ನನಗ ಆಗೂದಿಲ್ರಿ" ಎಂದ.

ಅವನನ್ನು ಒಪ್ಪಿಸಿದವನು ಹೊಳೆಪ್ಪನೇ. "ಅದೇನು ಮಣ್ಣಲ್ಲೋ ಮಾರಾಯಾ, ಹಲಗಿ. ಹಲಗಿಗ್ಯಾಕ ಹೆದರತಿ? ಬಡಿ" ಎಂದ. ಬಂಡು ಬಡಿದ. ಟೊಳ್ಳು ಹಲಗೆ ಪಟಪಟನೆ ಸದ್ದು ಮಾಡಿತು, ಡೇರೆಯ ಕೊನೆಯಲ್ಲಿ ಕೂತವನಿಗೂ ಕೇಳಿಸಿತು, ಜನ ಕುಣಿದರು. ಜಮಖಂಡಿಯಲ್ಲಿ ಕುಣಿದರು, ಬೀಳಗಿಯಲ್ಲಿ ಕುಣಿದರು, ರಬಕವಿಯಲ್ಲಿ ನೇಕಾರರು ಮಗ್ಗ ಬಿಟ್ಟು ಬಂದು ಕುಣಿದರು. ಬಂಡು ಬೆಳಕಿರುವಾಗಲೇ ಉಣ್ಣುವವನು, ಹಾಗಾಗಿ ಇವರ ಜೋಡಿ ಯಾವಾಗಲೂ ಮೊದಲು. ಆಟ ಮುಗಿಸಿ ಇಬ್ಬರು ಹಗೆಗಳೂ ಡೇರೆಯ ಹಿಂದೆ ಚಕ್ಕಡಿಯ ಮರೆಯಲ್ಲಿ ಅಕ್ಕವ್ವನ ಬುತ್ತಿ ಬಿಚ್ಚುತ್ತಿದ್ದರು, ಯಾರಾದರೂ ನೋಡಿಯಾರೆಂದು ಹೆದರುತ್ತ.

ಮುಧೋಳದಲ್ಲಿ ಒಂದು ಸಂತೆಯ ದಿನ ಡೇರೆ ಕಿಕ್ಕಿರಿದಿತ್ತು. ಅಂದು ಹೊಳೆಪ್ಪ ಗೆಲ್ಲುವ ಸರದಿ. ಬಂಡುವಿನ ಬಗಲಿನೊಳಗಿಂದ ಕೈ ತೂರಿಸಿ, ಹಿಂದಿನಿಂದ ಕುತ್ತಿಗೆ ಅದುಮಿ ಹಿಡಿದ. ದಿನವೂ ಹಿಡಿಯುತ್ತಿದ್ದ ಪಟ್ಟು ಅದು. ಬಂಡು ಎಂದಿನಂತೆ ಚೀರಿದ, ಎಂದಿನಂತೆ ಹಲಗೆ ಬಡಿದ. ಜನ ಎದ್ದು ನಿಂತು ಕೂಗಿದರು. ಅಷ್ಟರಲ್ಲಿ ಬೆವರಿಗೋ ಏನೋ ಜಮಖಾನೆ ಹಲಗೆಯ ಮೇಲೆ ಜಾರಿತು. ಇಬ್ಬರ ಭಾರವೂ ಒಂದು ಕಡೆ ವಾಲಿತು. ಮಣ್ಣಾಗಿದ್ದರೆ ಕಾಲಿಗೆ ಹಿಡಿತ ಸಿಗುತ್ತಿತ್ತು. ಬಂಡುವಿನ ಚೀರಾಟ ನಿಂತಿತು. ಕೈ ಮಾತ್ರ ಇನ್ನೂ ಹಲಗೆಯನ್ನು ತಟ್ಟುತ್ತಿತ್ತು, ಮೊದಲಿನಷ್ಟು ಜೋರಾಗಿ ಅಲ್ಲ, ಮೆಲ್ಲಗೆ.

ಹೊಳೆಪ್ಪನಿಗೆ ಅದು ಕೇಳಿಸಿತು. ದಣಿದಿದ್ದಾನೆ, ಸರಿಯಾಗಿ ಬಡಿಯುತ್ತಿಲ್ಲ, ಮಾಲಕ ಬೈಯುತ್ತಾನೆ ಎಂದುಕೊಂಡ. "ಜೋರ ಬಡಿಯೋ" ಎಂದು ಕಿವಿಯಲ್ಲಿ ಪಿಸುಗುಟ್ಟಿದ ಕೂಡ. ಮಾಲಕ ಸೀಟಿ ಊದಲಿಲ್ಲ, ಇವನು ಬಿಡಲಿಲ್ಲ. ಕೊನೆಗೆ ಸೀಟಿ ಕೇಳಿ ತೋಳು ಸಡಿಲಿಸಿದಾಗ ಬಂಡುವಿನ ತಲೆ ಒಂದು ಪಕ್ಕಕ್ಕೆ ಹೊರಳಿತು, ಮತ್ತೆ ತಿರುಗಲಿಲ್ಲ. ಜನ ಅದನ್ನೂ ಆಟವೆಂದೇ ತಿಳಿದು ಸೀಟಿ ಹೊಡೆದರು.

ಚಕ್ಕಡಿಯಲ್ಲಿ ತೇರದಾಳಕ್ಕೆ ಒಯ್ದರು. ಕುತ್ತಿಗೆಯ ಕೆಳಗೆ ಮೈ ಸತ್ತಿತ್ತು, ಮಾತು ಉಳಿದಿತ್ತು. ಒಂದು ಮಳೆಗಾಲ ಹಾಸಿಗೆಯಲ್ಲಿ ಕಳೆದ, ಚಳಿ ಬೀಳುವ ಮೊದಲು ಹೋದ. ಕಂಪನಿ ಆ ಸಂತೆಯ ದಿನವೇ ಡೇರೆ ಕಿತ್ತಿತ್ತು. ಹೊಳೆಪ್ಪ ನೋಡಲು ಹೋಗಲಿಲ್ಲ. ಹೊರಟು ಊರ ಅಗಸೆಬಾಗಿಲವರೆಗೆ ಬಂದು ತಿರುಗುವನು. ಏನೆಂದು ಕೇಳುವುದು? ಅವನನ್ನು ಕೊರೆಯುತ್ತಿದ್ದ ಪ್ರಶ್ನೆ ಒಂದೇ: ಬಂಡು ಕೊನೆಗೆ ತಟ್ಟಿದ್ದು ಖರೆಯೋ, ಆಟವೋ? ಆಟವಾಗಿದ್ದರೆ ಜಮಖಾನೆಯ ತಪ್ಪು, ಹಣೆಬರಹದ ತಪ್ಪು. ಖರೆಯಾಗಿದ್ದರೆ ಗೆಳೆಯ ಬಿಡು ಎಂದು ಬೇಡಿಕೊಂಡಾಗ, ಜೋರಾಗಿ ಬೇಡು ಎಂದು ಹೇಳಿದವನು ತಾನು.

ಮುಧೋಳದಿಂದ ಬಂದ ಮರುದಿನ ಬೆಳಿಗ್ಗೆ ಲಗಮವ್ವ ರೊಟ್ಟಿ ಬಡಿಯಲು ಕೂತಳು. ಹೊಳೆಪ್ಪ ಹಾಸಿಗೆಯಿಂದ ಚಂಗನೆ ಎದ್ದು, ಎರಡೂ ತೋಳು ಚಾಚಿ, "ಬಿಟ್ನೋ, ಬಿಟ್ನೋ" ಎಂದು ಕೂಗಿದ. ಅಂದೇ ಅವಳು ಕಲ್ಲನ್ನು ಗೋಡೆಗೆ ತಿರುಗಿಸಿದಳು.

ಆದರೆ ಊರಿನ ಕಲ್ಲುಗಳನ್ನೆಲ್ಲ ತಿರುಗಿಸಲಾದೀತೆ? ಅವನು ಊರಿನಿಂದ ಓಡಿದ, ಸಪ್ಪಳ ಹಿಂದೆ ಬಂತು. ಒಮ್ಮೊಮ್ಮೆ ಯಾವ ಸಪ್ಪಳವೂ ಇಲ್ಲದ ಮಟಮಟ ಮಧ್ಯಾಹ್ನ, ಬಾವಿಯ ದಂಡೆಯಲ್ಲಿ ಕೂತಾಗ, ಮುಂಗೈಯ ಮೇಲೆ ಯಾರೋ ಮೆಲ್ಲಗೆ ತಟ್ಟಿದಂತಾಗುತ್ತಿತ್ತು. ತಿರುಗಿ ನೋಡಿದರೆ ಜೋಳದ ದಂಟು, ಬಿಸಿಲು. ಗರಡಿಯ ಸುದ್ದಿಯೂ ಹಬ್ಬಿತ್ತು. ವಸ್ತಾದ ಸಂಜೆ ಸಮಮಾಡಿ ಬಿಟ್ಟ ಮಣ್ಣಿನ ಮೇಲೆ ಬೆಳಿಗ್ಗೆ ಒಂದು ಅಂಗೈಯ ಗುರುತು ಇರುತ್ತದಂತೆ. ಬೆಕ್ಕಿನ ಹೆಜ್ಜೆಯಿರಬೇಕೆಂದು ಧೈರ್ಯದವರು ಅಂದರು. ಧೈರ್ಯದವರೂ ಅಲ್ಲಿಗೆ ಒಬ್ಬರೇ ಹೋಗುವುದನ್ನು ಬಿಟ್ಟರು.

ಹೀಗೆ ಹನ್ನೆರಡು ವರ್ಷ. ಇಂಗ್ಲಿಷರು ಹೋದರು, ಸಂಸ್ಥಾನಗಳು ಇಂದೋ ನಾಳೆಯೋ ಕರಗುತ್ತವೆ ಎಂಬ ಮಾತು ಕಟ್ಟೆಕಟ್ಟೆಯ ಮೇಲೆ ನಡೆದಿತ್ತು. ಆ ಸುಗ್ಗಿಯಲ್ಲಿ ವಸ್ತಾದ ಹಣಮಂತ ಹೊಳೆಪ್ಪನಿಗೆ ಹೇಳಿಕಳುಹಿಸಿದ. ಮುದುಕನ ಕಣ್ಣು ಹೋಗಿದ್ದವು, ಬಾಯಿ ಹೋಗಿರಲಿಲ್ಲ.

"ಬಾ ಹೇಡಿ. ಗರಡಿ ನೀ ನೋಡ್ಕೋಬೇಕು ಇನ್ನ. ನನ್ನ ಹೊತ್ತ ಬಂದೈತಿ" ಎಂದ.

"ನನಗ ಆಗೂದಿಲ್ರಿ ವಸ್ತಾದರ. ತಟ್ಟಿದ್ದು ಖರೆಯೋ ಸುಳ್ಳೋ ತಿಳೀಲಾರದಾಂವ ನಾ. ಮತ್ತೊಬ್ಬರ ಮಗನ ಕುತ್ತಿಗಿ ಹೆಂಗ ಕಾಯಲ್ರಿ?"

ಆಮೇಲೆ ಹೊಳೆಪ್ಪ ತಡೆಯಲಾರದೆ ಕೇಳಿದ, "ಮಣ್ಣಾಗ ಅಂಗೈ ಮೂಡತೈತಿ ಅಂತಾರು, ಖರೇನ್ರಿ?"

"ನನಗ ಕಣ್ಣೆಲ್ಲಿ ಅದಾವ? ಮುಂಜಾನೆ ಕೈ ಆಡಿಸಿ ನೋಡತೇನಿ. ಒಮ್ಮೊಮ್ಮೆ ತಗ್ಗ ಹತ್ತತೈತಿ" ಎಂದ ವಸ್ತಾದ. ಆಮೇಲೆ ದನಿ ಇಳಿಸಿ, "ಕೇಳಬೇಕಾದಾಕಿ ತೇರದಾಳದಾಗ ಅದಾಳ. ಇಲ್ಲಿ ನನ್ನ ಮುಂದ ಅತ್ತರ ಏನ ಬಂತು? ಹೋಗು" ಎಂದ.

ಹನ್ನೆರಡು ವರ್ಷದಲ್ಲಿ ಸವೆಯದ ಆ ದಾರಿ ನಡೆದರೆ ಅರ್ಧ ದಿನದ್ದೂ ಅಲ್ಲ. ಹೊಳೆಪ್ಪ ಹೋದಾಗ ಅಕ್ಕವ್ವ ಒಲೆಯ ಮುಂದಿದ್ದಳು. ಮೈ ಬಾಗಿತ್ತು, ದೃಷ್ಟಿ ಚುರುಕಾಗಿತ್ತು. ಬಾಗಿಲು ತುಂಬಿ ನಿಂತ ಆಳನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಭಾಳ ಲಗೂನ ಬಂದ್ಯಪ್ಪಾ ಹೊಳೆಪ್ಪ, ಹನ್ನೆರಡ ವರ್ಷಕ್ಕ" ಎಂದಳು.

ಅವನು ಹೊಸ್ತಿಲ ಹೊರಗೇ ಕುಸಿದು ಕೂತ. ಅವಳು ಮತ್ತೇನೂ ಕೇಳಲಿಲ್ಲ. ಹಿಟ್ಟು ಸುರುವಿಕೊಂಡಳು, ಎಸರು ಹೊಯ್ದು ನಾದಿದಳು. "ಹೊತ್ತ ಮುಳಗೂದರಾಗ ಉಂಡಬಿಡು."

"ರೊಟ್ಟಿ ಬ್ಯಾಡ್ರಿ ಯವ್ವಾ."

"ಯಾಕ? ನನ್ನ ರೊಟ್ಟಿ ತಿಂದ ದಪ್ಪ ಆದ ತೋಳಲ್ಲೇನ ಅವು?" ಎಂದು ತಟ್ಟತೊಡಗಿದಳು.

ಹೊಳೆಪ್ಪನ ತೋಳು ಅಗಲವಾದವು. ಎಷ್ಟು ಬಿಗಿಹಿಡಿದರೂ ನಿಲ್ಲಲಿಲ್ಲ. ಅಕ್ಕವ್ವ ಕೈ ನಿಲ್ಲಿಸಿ ಅವನನ್ನು ನೋಡಿದಳು. ಮತ್ತೊಮ್ಮೆ, ಬೇಕೆಂದೇ, ತಟ್ಟಿದಳು. ಮತ್ತೆ ತೋಳು ಅಗಲವಾದವು. ಗರಡಿಯ ಪದ್ಧತಿಯನ್ನು ಮಗನ ಬಾಯಿಂದ ಕೇಳಿ ಬಲ್ಲವಳು ಅವಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊಸ್ತಿಲ ಬಳಿ ಬಂದು ಕೂತಳು.

"ಎಷ್ಟ ದಿನಾ ಆತು ಇದು?"

"ಅವತ್ತಿನಿಂದ್ರಿ." ಆಮೇಲೆ ಹನ್ನೆರಡು ವರ್ಷ ನುಂಗಿಟ್ಟುಕೊಂಡ ಮಾತು ಹೊರಬಿತ್ತು. "ಯವ್ವಾ, ಅಂವ ಖರೇ ತಟ್ಟಿದ್ನೋ, ಆಟಕ್ಕ ತಟ್ಟಿದ್ನೋ? ನಿಮ್ಮ ಮುಂದ ಏನರ ಹೇಳಿದ್ನೇನ್ರಿ?"

"ಹೇಳ್ಯಾನ. ಹೊಳ್ಯಾ ಬಂದರ ಹೇಳು ಅಂದಿದ್ದ. ನೀ ಬರಲಿಲ್ಲ. ನಾನೂ ಹೇಳಿಕಳಸಲಿಲ್ಲ, ನನಗೂ ಸಿಟ್ಟಿತ್ತು." ಅಕ್ಕವ್ವ ಉಸಿರು ತೆಗೆದುಕೊಂಡಳು. "ನಾ ಆಟಕ್ಕ ತಟ್ಟಿದ್ನಿ, ಅವನ ತಪ್ಪೇನಿಲ್ಲ ಅಂತ ಹೇಳಬೇ ಅಂದ."

ಹೊಳೆಪ್ಪನ ಎದೆಯಿಂದ ಒಂದು ದನಿ ಹೊರಟಿತು, ಅಳುವೋ ನಿಟ್ಟುಸಿರೋ ತಿಳಿಯದ್ದು. ಹಣೆಯನ್ನು ಹೊಸ್ತಿಲಿಗೆ ಹಚ್ಚಿ ಅತ್ತ. ಅಕ್ಕವ್ವ ಅಳು ಮುಗಿಯುವವರೆಗೆ ಕಾದಳು.

"ಅದು ಅವನ ಮಾತು. ಮುಟ್ಟಿಸಿದ್ನಿ. ಈಗ ನನ್ನ ಮಾತ ಕೇಳು. ಅಂವ ಖರೇನ ತಟ್ಟಿದ್ದ."

ಹೊಳೆಪ್ಪ ತಲೆಯೆತ್ತಿದ.

"ನಾ ಅವನ ಹಡದಾಕಿ. ನನ್ನ ಮುಂದ ಅಂವ ಸುಳ್ಳ ಹೇಳಿದ್ದು ಅದೊಂದ. ಹೇಳೂಮುಂದ ಮಾರಿ ಗ್ವಾಡಿ ಕಡೆ ಮಾಡಬೇಕಂತ ಎಷ್ಟ ಒದ್ದಾಡಿದ, ಕುತ್ತಿಗಿ ಹೊರಳಲಿಲ್ಲ. ಅವನ ಮಾತಷ್ಟ ಹೇಳಿ ನಿನ್ನ ಕಳಸಬಹುದಿತ್ತು. ಆದರ ಇನ್ನೊಮ್ಮೆ ಸುಳ್ಳ ತಟ್ಟಲೇನ ನಿನ್ನ ಮುಂದ? ಸುಳ್ಳ ತಟ್ಟಿ ತಟ್ಟಿನ ಅಲ್ಲೇನ ಇಷ್ಟೆಲ್ಲಾ ಆದದ್ದು?" ಅವಳು ಹೊಸ್ತಿಲಿಂದ ಎದ್ದಳು. "ನೀ ಅವನ ಬಿಡಲಿಲ್ಲ ಹೊಳೆಪ್ಪ. ಅಂವ ನಿನ್ನ ಬಿಟ್ಟ ಹೋದ. ಗರಡಿಯಾಗ ಬಿಡತಾರಲ್ಲ, ಹಂಗ. ತಿಳೀತಿಲ್ಲೋ? ಏಳು, ಕೈ ತೊಳಿ. ಹೊತ್ತ ಮುಳಗತೈತಿ."

ಅವನು ಕೈ ತೊಳೆದು ಕೂತ. ಅವಳು ಬಡಿದಳು, ಅವನ ತೋಳು ಅಗಲವಾಗುತ್ತಲೇ ಇದ್ದವು, ಅವಳು ನಿಲ್ಲಿಸಲಿಲ್ಲ. ಬೆಂದ ರೊಟ್ಟಿಯನ್ನು ಅವನ ಚಾಚಿದ ಅಂಗೈಯ ಮೇಲೆಯೇ ಇಟ್ಟಳು, ಮೇಲೆ ಶೇಂಗಾ ಚಟ್ನಿ. ಬಳ್ಳೊಳ್ಳಿ ಇರಲಿಲ್ಲ.

ಚಿಮ್ಮಡಕ್ಕೆ ಮರಳಿದವನು ಗರಡಿಯ ಬೀಗದ ಕೈ ಇಸಿದುಕೊಂಡ. ಅಂಗೈಯ ಗುರುತು ಆಮೇಲೂ ಮೂಡುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಏಕೆಂದರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮಣ್ಣು ಮುಟ್ಟುವವನು ಈಗ ಹೊಳೆಪ್ಪನೇ. ಕೇಳಿದರೆ ಹೇಳುತ್ತಿರಲಿಲ್ಲ. ಅವನ ಹತ್ತಿರ ಬಂದವರಿಗೆ ಒಂದು ತಿಂಗಳು ಬೇರೆ ಪಟ್ಟಿಲ್ಲ, ತಟ್ಟುವುದು, ಬಿಡುವುದು, ಅಷ್ಟೇ. ಟಿಕೀಟಿನ ಕುಸ್ತಿಗೆ ಹೋಗುತ್ತೇನೆ ಎಂದವನನ್ನೂ ಅವನು ತಡೆಯಲಿಲ್ಲ.

"ಹೋಗು. ಬೀಳು, ಚೀರು, ಹಗಿ ಅಂತ ಬೇಕಾದ್ದ ಕುಣಿ. ಆದರ ತಟ್ಟೂದೊಂದ ಆಟಕ್ಕ ಮಾಡಬ್ಯಾಡ. ಅದೊಂದ ಖರೆ ಉಳಸ್ಕೋ" ಎನ್ನುತ್ತಿದ್ದ.

ಈಗಲೂ ದೊಡ್ಡ ಊರುಗಳಲ್ಲಿ ಹಗ್ಗ ಬಿಗಿದು, ದೀಪ ಹಚ್ಚಿ ಹಗೆಯ ಕುಸ್ತಿ ಆಡುತ್ತಾರೆ. ಆಡಲಿ, ಹೊಟ್ಟೆಪಾಡು. ಆದರೆ ಚೀರಿದ್ದಕ್ಕೆಲ್ಲ ಚಪ್ಪಾಳೆ ಬೀಳುವ ಕಡೆ, ನಿಜವಾಗಿ ನೊಂದವನು ಯಾವ ಭಾಷೆಯಲ್ಲಿ ಹೇಳಬೇಕು ಎಂಬುದನ್ನು ಆ ಡೇರೆಯವರು ಚಿಮ್ಮಡದ ಮಣ್ಣಿಗೆ ಬಂದು ಕೇಳಿಕೊಂಡು ಹೋದರೆ ತಪ್ಪೇನಿಲ್ಲ.

ತೇರದಾಳದಿಂದ ಬಂದ ದಿನವೇ ಹೊಳೆಪ್ಪ ಗೋಡೆಗೆ ನಿಲ್ಲಿಸಿದ್ದ ಕಲ್ಲನ್ನು ತಾನೇ ಎತ್ತಿ ಒಲೆಯ ಮುಂದೆ ಇಟ್ಟಿದ್ದ. "ಲಗಮಿ, ರೊಟ್ಟಿ ಬಡಿ" ಎಂದಿದ್ದ.

"ಬ್ಯಾಡ್ರಿ, ನನಗ ಅಂಜಿಕಿ ಬರತೈತಿ" ಎಂದಳು ಲಗಮವ್ವ.

"ನನಗೂ ಬರತೈತಿ. ಬಡಿ."

ಹೆದರಿಕೆ ಅವನನ್ನು ಸಾಯುವವರೆಗೂ ಬಿಡಲಿಲ್ಲ, ಓಡುವುದನ್ನು ಮಾತ್ರ ಅವನು ಬಿಟ್ಟ. ದಿನವೂ ಹೊತ್ತು ಮುಳುಗುವ ಮೊದಲು ಲಗಮವ್ವ ಹಿಟ್ಟು ನಾದುವಳು, ಅವನು ಒಲೆಯ ಪಕ್ಕದಲ್ಲಿ ಎರಡೂ ತೋಳು ಅಗಲಿಸಿ, ಅಂಗೈ ಮೇಲೆಮಾಡಿ ಕೂರುವನು. ಬಾಗಿಲಲ್ಲಿ ಹಾದುಹೋಗುವವರು ದೇವರನ್ನು ನೆನೆಯುತ್ತಿದ್ದಾನೆ ಎಂದುಕೊಳ್ಳುವರು. ಹತ್ತಿರವಿದ್ದ ಲಗಮವ್ವನಿಗೆ ಮಾತ್ರ ಕೇಳಿಸುತ್ತಿತ್ತು. ಅವಳು ಒಂದೊಂದು ಸಲ ತಟ್ಟಿದಾಗಲೂ ಅವನು, "ಬಿಟ್ನೋ ಬಂಡು" ಎನ್ನುತ್ತಿದ್ದ.